ಸರ್ ಛೋಟೂರಾಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಹರಿಯಾಣದ ರೈತ ಸಭೆಗಳಲ್ಲಿ ಪೇಟ ಸುತ್ತಿದ ಒಬ್ಬರ ಫೋಟೋ ಯಾವಾಗಲೂ ಇರುತ್ತದೆ. ಟೀವಿಯಲ್ಲಿ ಅದನ್ನು ನೋಡಿ "ಇವರ್ಯಾರು?" ಅಂತ ಕೇಳುವವರು ಒಂದು ಕಡೆ, "ಬ್ರಿಟಿಷರ ಬಾಲ ಹಿಡಿದವರನ್ನ ಯಾಕೆ ಹೊಗಳ್ತೀರಿ?" ಅಂತ ಜಗಳಕ್ಕೆ ಬರುವವರು ಇನ್ನೊಂದು ಕಡೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮೊದಲು ಸುಲಭದವು, ಆಮೇಲೆ ಗಟ್ಟಿ ಪ್ರಶ್ನೆಗಳು.

## ಮೊದಲು ಪರಿಚಯ

ಯಾರಪ್ಪ ಈ ಛೋಟೂರಾಮ್? ಶಾಲೆಯಲ್ಲಿ ನಾವು ಓದೇ ಇಲ್ಲವಲ್ಲ?

ಓದಿರುವುದಿಲ್ಲ, ಬಿಡಿ. ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಇವರಿಗೆ ಜಾಗ ಇಲ್ಲ, ಪಾಕಿಸ್ತಾನ ಹುಟ್ಟಿದ ಪಾಠದಲ್ಲೂ ಇಲ್ಲ. 1881ರ ನವೆಂಬರ್‌ನಲ್ಲಿ ರೋಹ್ತಕ್ ಜಿಲ್ಲೆಯ ಗಢಿ ಸಾಂಪ್ಲಾ ಎಂಬ ಹಳ್ಳಿಯಲ್ಲಿ, ಸಣ್ಣ ಹಿಡುವಳಿಯ ಜಾಟ್ (ಅಲ್ಲಿನ ಬೇಸಾಯದ ಜಾತಿ) ಕುಟುಂಬದಲ್ಲಿ ಹುಟ್ಟಿದರು. ಆ ಊರು ಈಗ ಹರಿಯಾಣದಲ್ಲಿದೆ, ಆಗ ಪಂಜಾಬ್ ಪ್ರಾಂತ್ಯದಲ್ಲಿತ್ತು. ನಿಜವಾದ ಹೆಸರು ರಾಮ್ ರಿಛಪಾಲ್. ಮನೆಗೆ ಕಿರಿಯ ಮಗ ಅಂತ ಛೋಟೂ ಅಂದರು, ಅದೇ ಉಳಿಯಿತು. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಲ್ಲಿ ಬಿ.ಎ. ಮುಗಿಸಿ, ಆಗ್ರಾದಲ್ಲಿ ಕಾನೂನು ಓದಿ, ರೋಹ್ತಕ್‌ಗೆ ಬಂದು ವಕೀಲಿಕೆ ಹಿಡಿದರು. 1923ರಿಂದ 1945ರ ಜನವರಿ 9ರಂದು ಲಾಹೋರಿನಲ್ಲಿ ಸಾಯುವವರೆಗೂ ಪಂಜಾಬಿನ ಶಾಸನಸಭೆಯೇ ಅವರ ಕಾರ್ಯಕ್ಷೇತ್ರ. ಸಾಲಗಾರ ರೈತನನ್ನು ಕಾಯುವ ಸಾಲು ಸಾಲು ಕಾನೂನುಗಳ ಹಿಂದೆ ಇದ್ದವರು ಇವರು.

ಸಾಹುಕಾರನ ಮನೆಯಲ್ಲಿ ಪಂಖ ಎಳೆದ ಕಥೆ ನಿಜಾನಾ?

ಹರಿಯಾಣದಲ್ಲಿ ಇದನ್ನು ಹೇಳದ ಮನೆ ಇಲ್ಲ. ಮಗನನ್ನು ಮುಂದೆ ಓದಿಸಬೇಕು ಅಂತ ಅಪ್ಪ ಸುಖಿರಾಮ್ ಹುಡುಗನನ್ನು ಕರೆದುಕೊಂಡು ಸಾಹುಕಾರನ ಹತ್ತಿರ ಸಾಲಕ್ಕೆ ಹೋದರಂತೆ. ಸೆಕೆಗಾಲ. ಸಾಹುಕಾರ ಸಾಲದ ಮಾತು ಎತ್ತುವ ಮೊದಲು ಚಾವಣಿಗೆ ಕಟ್ಟಿದ್ದ ಬಟ್ಟೆ ಪಂಖದ ಹಗ್ಗವನ್ನು ಸುಖಿರಾಮ್ ಕೈಗೆ ಕೊಟ್ಟು ಎಳೆ ಅಂದ. ಅವನ ಸ್ವಂತ ಮಗ ಪಕ್ಕದಲ್ಲೇ ಸುಮ್ನೆ ಕೂತಿದ್ದ. ಇದನ್ನು ಕಂಡು ಹುಡುಗ ಉರಿದುಬಿದ್ದ ಅನ್ನುವುದು ಕಥೆ. ಹೇಳುವವರ ಬಾಯಲ್ಲಿ ಅದು ಒಂದಿಷ್ಟು ಬೆಳೆದಿರಬಹುದು. ಆದರೆ ಓದಿಗೆ ದುಡ್ಡಿಲ್ಲದೆ ಒದ್ದಾಡಿದ್ದು, ಕಲ್ಕತ್ತಾದ ವ್ಯಾಪಾರಿ ಸೇಠ್ ಛಾಜೂರಾಮ್ ಅವರ ನೆರವಿನಿಂದ ಕಾಲೇಜು ಮುಗಿಸಿದ್ದು ನಿಜ.

"ಜಮೀನ್ದಾರಾ ಲೀಗ್" ನಾಯಕ ಅಂತೀರಿ. ಜಮೀನ್ದಾರರು ಬಡವರ ಪರ ಹೇಗಾಗ್ತಾರೆ?

ನಮ್ಮ ಕಡೆ ಜಮೀನ್ದಾರ ಅಂದರೆ ನೂರಾರು ಎಕರೆಯ ಧಣಿ. ಪಂಜಾಬಿನಲ್ಲಿ ನಾಲ್ಕು ಎಕರೆ ಸ್ವಂತ ಹೊಲ ಇದ್ದು ತಾನೇ ಉಳುವವನೂ ಜಮೀನ್ದಾರನೇ. ಛೋಟೂರಾಮ್ ಹೇಳುತ್ತಿದ್ದದ್ದು ಆ ಸಣ್ಣ ರೈತನ ಬಗ್ಗೆ. ಹಾಗಂತ ಅವರ ಯೂನಿಯನಿಸ್ಟ್ ಪಕ್ಷದಲ್ಲಿ (ಜನ ಜಮೀನ್ದಾರಾ ಲೀಗ್ ಅನ್ನುತ್ತಿದ್ದದ್ದು ಇದನ್ನೇ) ದೊಡ್ಡ ಧಣಿಗಳು ಇರಲಿಲ್ಲ ಅಂತಲ್ಲ, ಜಾಸ್ತಿನೇ ಇದ್ದರು. ಪಶ್ಚಿಮ ಪಂಜಾಬಿನ ಮುಸ್ಲಿಂ ಭೂಮಾಲೀಕರ ಕೈಯಲ್ಲೇ ಪಕ್ಷದ ಲಗಾಮು ಇತ್ತು. ಆ ಗುಂಪಿನ ಒಳಗೆ ಕೂತು ಸಣ್ಣ ರೈತನ ಕೆಲಸ ಮಾಡಿಸಿಕೊಂಡಿದ್ದು ಇವರ ಚಾಣಾಕ್ಷತನ. ಅದೇ ಕಾರಣಕ್ಕೆ ಧಣಿಗಳ ಜಮೀನಿನ ತಂಟೆಗೆ ಅವರು ಹೋಗಲಿಲ್ಲ.

ರಾಜಕೀಯಕ್ಕೆ ಬಂದಿದ್ದು ಕಾಂಗ್ರೆಸ್ಸಿಂದ ತಾನೇ? ಮತ್ತೆ ಬಿಟ್ಟಿದ್ದು ಯಾಕೆ?

ಹೌದು, 1916ರಿಂದ 1920ರವರೆಗೆ ರೋಹ್ತಕ್ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷರಾಗಿದ್ದರು. ಅದೇ 1916ರಲ್ಲಿ "ಜಾಟ್ ಗೆಜೆಟ್" ಅನ್ನುವ ಉರ್ದು ವಾರಪತ್ರಿಕೆ ಶುರು ಮಾಡಿದರು. ಗಾಂಧೀಜಿಯ ಅಸಹಕಾರ ಚಳವಳಿ ಬಂದಾಗ ಜಗಳ ಬಿತ್ತು. ಅವರ ಲೆಕ್ಕ ಹೀಗಿತ್ತು: ವಕೀಲ ಕೋರ್ಟು ಬಿಟ್ಟರೆ ನಾಳೆ ವಾಪಸ್ ಹೋಗಬಹುದು, ರೈತ ಕಂದಾಯ ಕಟ್ಟದೆ ಹೊಲ ಕಳೆದುಕೊಂಡರೆ ವಾಪಸ್ ತರುವವರು ಯಾರು? ಈ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ ನನಗೆ. 1923ರಲ್ಲಿ ಸರ್ ಫಜ್ಲ್-ಇ-ಹುಸೇನ್ ಜೊತೆ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದರು. ಹಿಂದೂ, ಮುಸ್ಲಿಂ, ಸಿಖ್ ಅಂತ ನೋಡದೆ ಹಳ್ಳಿಯವರೆಲ್ಲ ಒಂದು ಕಡೆ ಅನ್ನುವುದು ಆ ಪಕ್ಷದ ಬುನಾದಿ.

ಹೆಸರಿನ ಮುಂದೆ "ಸರ್" ಇದೆ. ಬ್ರಿಟಿಷರ ಏಜೆಂಟ್ ಅಲ್ವಾ?

1937ರಲ್ಲಿ ನೈಟ್ ಪದವಿ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ರೋಹ್ತಕ್‌ನಿಂದ ಸೈನ್ಯಕ್ಕೆ ಜನ ಸೇರಿಸಲು ಓಡಾಡಿದ್ದೂ ನಿಜ, ಎರಡನೆಯದಕ್ಕೆ ಬೆಂಬಲ ಕೊಟ್ಟಿದ್ದೂ ನಿಜ. ಜೈಲಿಗೆ ಹೋಗಲಿಲ್ಲ. ಇದನ್ನು ಮುಚ್ಚಿಡುವ ಅಭಿಮಾನಿಗಳನ್ನು ಕಂಡರೆ ನನಗೆ ಕಿರಿಕಿರಿ. ಅವರು ಬ್ರಿಟಿಷ್ ಆಳ್ವಿಕೆಯನ್ನು ಕಿತ್ತೊಗೆಯಲು ಹೊರಟವರಲ್ಲ, ಅದರ ಶಾಸನಸಭೆ ಕೊಟ್ಟ ಅಷ್ಟೋ ಇಷ್ಟೋ ಅಧಿಕಾರದಿಂದ ಏನು ಹಿಂಡಬಹುದೋ ಹಿಂಡಿಕೊಂಡವರು. ಗವರ್ನರ್ ಜೊತೆ ಎಲ್ಲದಕ್ಕೂ ಹೂಂ ಅಂದವರೂ ಅಲ್ಲ. ಮುಂದಿನ ಉತ್ತರಗಳಲ್ಲಿ ಅದು ಬರುತ್ತದೆ.

ಮುಖ್ಯಮಂತ್ರಿ ಆಗಿದ್ರಾ?

ಇಲ್ಲ. 1924ರಿಂದ 1926ರವರೆಗೆ ಸಚಿವರು. 1937ರಿಂದ ಸಾಯುವ ತನಕ ಮತ್ತೆ ಸಚಿವರು, ಮೊದಲು ಅಭಿವೃದ್ಧಿ ಖಾತೆ, ಆಮೇಲೆ ಕಂದಾಯ. ಪ್ರೀಮಿಯರ್ (ಈಗಿನ ಮುಖ್ಯಮಂತ್ರಿಯಂತೆ) ಸ್ಥಾನ ಮೊದಲು ಸಿಕಂದರ್ ಹಯಾತ್ ಖಾನ್, 1942ರ ಕೊನೆಗೆ ಅವರು ತೀರಿಕೊಂಡ ಮೇಲೆ ಖಿಜರ್ ಹಯಾತ್ ತಿವಾನಾ ಕೈಯಲ್ಲಿತ್ತು. ಮುಸ್ಲಿಮರೇ ಹೆಚ್ಚಿದ್ದ ಪ್ರಾಂತ್ಯದಲ್ಲಿ ಹಿಂದೂ ಒಬ್ಬರು ಪ್ರೀಮಿಯರ್ ಆಗುವುದು ಆಗ ಆಗದ ಮಾತು. ಆದರೆ ಸರ್ಕಾರದ ರೈತ ಕಾನೂನುಗಳು ಯಾರದ್ದು ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

## ಕಾನೂನುಗಳ ವಿಚಾರ

ಪಂಜಾಬಲ್ಲಿ ಕಾಲುವೆ ನೀರಿತ್ತು, ಗೋಧಿ ಇತ್ತು. ಅಷ್ಟೊಂದು ಸಾಲ ಯಾಕೆ?

ನೀರು ಎಲ್ಲ ಕಡೆ ಇರಲಿಲ್ಲ. ಕಾಲುವೆ ಕಾಲೊನಿಗಳು, ಅಂದರೆ ಕಾಲುವೆ ನೀರು ಹರಿಸಿ ಹೊಸದಾಗಿ ಎಬ್ಬಿಸಿದ ಊರುಗಳು, ಇದ್ದದ್ದು ಪಶ್ಚಿಮಕ್ಕೆ, ಇವರ ರೋಹ್ತಕ್, ಹಿಸ್ಸಾರ್ ಕಡೆ ಮಳೆ ಕೈಕೊಟ್ಟರೆ ಬರವೇ. ಆದರೆ ನೀರಿದ್ದ ಕಡೆಯೂ ಸಾಲ ಇತ್ತು, ಅದು ವಿಚಿತ್ರ. ಬ್ರಿಟಿಷರು ಬಂದ ಮೇಲೆ ಹೊಲ ಮಾರಬಹುದಾದ, ಅಡವಿಡಬಹುದಾದ ಆಸ್ತಿಯಾಯಿತು. ಕಂದಾಯವನ್ನು ಗೊತ್ತಾದ ದಿನಕ್ಕೆ ನಗದಾಗಿ ಕಟ್ಟಬೇಕು. ಹೊಲದ ಬೆಲೆ ಏರಿದಷ್ಟೂ ಸಾಹುಕಾರ ಜಾಸ್ತಿ ಸಾಲ ಕೊಡಲು ತಯಾರು. ಮದುವೆ, ಎತ್ತು, ಬಿತ್ತನೆ ಬೀಜ, ಎಲ್ಲಕ್ಕೂ ಅವನೇ. ವಹಿ ಪುಸ್ತಕ ಅವನ ಹತ್ತಿರ, ಅದರ ಲಿಪಿ ರೈತನಿಗೆ ಬರುವುದಿಲ್ಲ, ಹೆಬ್ಬೆಟ್ಟು ಮಾತ್ರ ರೈತನದ್ದು.

ಸರ್ಕಾರ 1901ರ ಜೂನ್ 8ರಿಂದ ಭೂ ಪರಭಾರೆ ಕಾನೂನು ತಂದಿತ್ತು. "ಕೃಷಿಕ ಬುಡಕಟ್ಟು" ಅಂತ ಪಟ್ಟಿ ಮಾಡಿದ ಜಾತಿಗಳ ಜಮೀನನ್ನು ಬೇರೆಯವರು ಖರೀದಿ ಮಾಡುವಂತಿಲ್ಲ, ಅಡವೂ ಗರಿಷ್ಠ 20 ವರ್ಷ. ಚೆನ್ನಾಗಿಯೇ ಇತ್ತು, ಆದರೆ ತೂತುಗಳು ತುಂಬಾ. ಛೋಟೂರಾಮ್ ಅವರ ಶಾಸನದ ಕೆಲಸ ಪೂರ್ತಿ ಈ ತೂತುಗಳನ್ನು ಒಂದೊಂದಾಗಿ ಮುಚ್ಚುವುದೇ ಆಗಿತ್ತು. ಹಾಗೆ ಓದಿದರೆ ಆ ಉದ್ದನೆಯ ಕಾನೂನು ಪಟ್ಟಿ ಅರ್ಥವಾಗುತ್ತದೆ, ಇಲ್ಲದಿದ್ದರೆ ಬರೀ ಇಸವಿಗಳ ಸಾಲು.

1930ರ ಲೆಕ್ಕಪತ್ರ ಕಾನೂನಿನಲ್ಲಿ ಅಂಥದ್ದೇನಿತ್ತು? ಬರೀ ಲೆಕ್ಕ ಬರೆಯುವುದು ತಾನೇ?

ಬರೀ ಲೆಕ್ಕವೇ. ಅದಕ್ಕೇ ಸಾಹುಕಾರರು ಅಷ್ಟು ಗಲಾಟೆ ಮಾಡಿದ್ದು! ಇದಕ್ಕೂ ಮೊದಲು, 1926ರಲ್ಲಿ, ಲೇವಾದೇವಿಗೆ ಕಡಿವಾಣ ಹಾಕುವ ಮಸೂದೆ ಸಭೆಯಲ್ಲಿ ಪಾಸಾಗಿತ್ತು. ಗವರ್ನರ್ ಮಾಲ್ಕಮ್ ಹೇಲಿ ಒಪ್ಪಿಗೆ ಕೊಡಲಿಲ್ಲ. ಸ್ವಲ್ಪ ಮೆತ್ತಗಾಗಿ 1930ರಲ್ಲಿ ಮತ್ತೆ ಬಂತು. ಪ್ರತಿ ಸಾಲಗಾರನಿಗೂ ಬೇರೆ ಬೇರೆ ಲೆಕ್ಕ ಇಡಬೇಕು, ಆರು ತಿಂಗಳಿಗೊಮ್ಮೆ ಅಸಲೆಷ್ಟು, ಬಡ್ಡಿಯೆಷ್ಟು ಅಂತ ಬರೆದ ಚೀಟಿಯನ್ನು ಅವನಿಗೆ ಕೊಡಬೇಕು. ಕೊಡದಿದ್ದರೆ ಕೋರ್ಟಿನಲ್ಲಿ ಬಡ್ಡಿ ಹೋಯಿತು, ಖರ್ಚೂ ಹೋಯಿತು. ಓದು ಬಾರದ ರೈತನಿಗೆ ಆ ಚೀಟಿಯಿಂದ ಏನು ಪ್ರಯೋಜನ ಅಂತ ಕೇಳಬಹುದು. ಊರಿನ ಮೇಷ್ಟ್ರ ಹತ್ತಿರ ಓದಿಸಬಹುದಲ್ಲ. ವಹಿ ಮೊದಲ ಸಲ ಅಂಗಡಿಯಿಂದ ಹೊರಗೆ ಬಂತು, ಅದು ದೊಡ್ಡದು.

1934 ಮತ್ತು 1936ರ ಕಾನೂನುಗಳಿಂದ ರೈತನ ಕೈಗೆ ಏನು ಸಿಕ್ತು?

ಆಗ ಜಗತ್ತಿನ ತುಂಬಾ ಬೆಲೆ ಕುಸಿತ, ಗೋಧಿಗೆ ಬೆಲೆಯೇ ಇಲ್ಲ. ಸಾಲ ಮಾತ್ರ ಹಾಗೇ ನಿಂತಿದೆ. 1934ರ ಸಾಲ ಪರಿಹಾರ ಕಾನೂನಿನಲ್ಲಿ ಬಡ್ಡಿಗೆ ಮಿತಿ ಬಂತು, ಜೊತೆಗೆ ದಾಮ್‌ದುಪ್ಪಟ್ ನಿಯಮ ಬಂತು. ಅಂದರೆ ಅಸಲಿನ ಎರಡು ಪಟ್ಟಿಗಿಂತ ಹೆಚ್ಚಿಗೆ ಕೋರ್ಟು ವಸೂಲಿ ಮಾಡಿಸುವುದಿಲ್ಲ. ನೂರು ರೂಪಾಯಿ ಕೊಟ್ಟು ಸಾವಿರ ಕೇಳುವ ಆಟ ಮುಗಿಯಿತು. ಇಬ್ಬರನ್ನೂ ಕೂರಿಸಿ ಮಾತಾಡಿ ಬಗೆಹರಿಸುವ ಸಾಲ ರಾಜಿ ಮಂಡಳಿಗಳು ಬಂದವು. ಸಾಲ ತೀರಿಸಲಿಲ್ಲ ಅಂತ ಸುಮ್ಮಸುಮ್ಮನೆ ಜೈಲಿಗೆ ಹಾಕಿಸುವುದಕ್ಕೂ ತಡೆ ಬಿತ್ತು. ಎತ್ತು, ನೇಗಿಲು, ವಾಸದ ಮನೆ ಜಪ್ತಿಗೆ ಸಿಗದಂತೆ ರಕ್ಷಣೆ ಗಟ್ಟಿಯಾಯಿತು. 1936ರಲ್ಲಿ ಸಾಲಗಾರರ ರಕ್ಷಣಾ ಕಾನೂನು ಬಂದು, ಹೊಲದಲ್ಲಿ ನಿಂತ ಪೈರಿಗೂ ಅಪ್ಪನ ಸಾಲಕ್ಕೆ ಮಗನ ಪಿತ್ರಾರ್ಜಿತ ಹೊಲಕ್ಕೂ ಕೈ ಹಾಕುವುದಕ್ಕೆ ಕಡಿವಾಣ ಹಾಕಿತು.

ಇಷ್ಟನ್ನೂ ಸಚಿವ ಸ್ಥಾನ ಇಲ್ಲದಿದ್ದಾಗ, ಸಭೆಯಲ್ಲಿ ಪಕ್ಷದ ಮುಂದಾಳಾಗಿ ಮಾಡಿಸಿದ್ದು ಅನ್ನುವುದನ್ನು ಗಮನಿಸಿ.

"ಸುವರ್ಣ ಕಾನೂನು" ಅಂದ್ರೆ ಯಾವುವು? ವಿರೋಧಿಗಳು "ಕರಾಳ ಕಾನೂನು" ಅಂದಿದ್ದು ಯಾಕೆ?

1937ರ ಚುನಾವಣೆಯಲ್ಲಿ 175 ಸ್ಥಾನಗಳ ಸಭೆಯಲ್ಲಿ ಯೂನಿಯನಿಸ್ಟರಿಗೆ ಬಹುಮತ ಸಿಕ್ಕಿತು. ಝಜ್ಜರ್‌ನಿಂದ ಗೆದ್ದ ಛೋಟೂರಾಮ್ ಒಂದು ದಿನವೂ ತಡ ಮಾಡಲಿಲ್ಲ. 1938ರಲ್ಲೇ ಮೂರು ಕಡೆಯಿಂದ ಹೊಡೆದರು.

ಮೊದಲನೆಯದು ಲೇವಾದೇವಿಗಾರರ ನೋಂದಣಿ. ಲೈಸೆನ್ಸ್ ಇಲ್ಲದವನು ಸಾಲ ವಸೂಲಿಗೆ ಕೋರ್ಟಿಗೆ ಹೋಗುವಂತಿಲ್ಲ, ಮೋಸದ ಲೆಕ್ಕ ಸಿಕ್ಕಿದರೆ ಲೈಸೆನ್ಸ್ ರದ್ದು.

ಎರಡನೆಯದು ಅಡವಿಟ್ಟ ಜಮೀನು ವಾಪಸಾತಿ. ಇದೇ ನನಗೆ ತುಂಬಾ ಹಿಡಿಸುವ ಕಾನೂನು. 1901ರ ಕಾನೂನು ಹಿಂದಿನ ಅಡವುಗಳನ್ನು ಮುಟ್ಟಿರಲಿಲ್ಲ. ಹಾಗಾಗಿ ಅಜ್ಜ ಅಡವಿಟ್ಟ ಹೊಲ ಮೊಮ್ಮಗನ ಕಾಲದಲ್ಲೂ ಸಾಹುಕಾರನ ಬಳಿಯೇ, ಬೆಳೆಯೂ ಅವನಿಗೇ. ಈಗ 1901ರ ಜೂನ್ 8ಕ್ಕಿಂತ ಹಿಂದಿನ ಅಡವಿದ್ದರೆ ರೈತ ಕಲೆಕ್ಟರಿಗೆ ಅರ್ಜಿ ಕೊಟ್ಟರೆ ಸಾಕು. ಸಾಹುಕಾರ ಆ ಹೊಲದಿಂದ ಅಸಲಿನ ಎರಡರಷ್ಟು ಆಗಲೇ ಉಂಡಿದ್ದಾನೆ ಅಂತ ಲೆಕ್ಕ ಬಂದರೆ ಬಿಡಿಗಾಸೂ ಕೊಡದೆ ಹೊಲ ವಾಪಸ್. ಅಷ್ಟು ಉಂಡಿಲ್ಲದಿದ್ದರೆ ಕಲೆಕ್ಟರ್ ಹೇಳಿದ ಪರಿಹಾರ ಕಟ್ಟಿ ಬಿಡಿಸಿಕೊಳ್ಳಬಹುದು. ಸಿವಿಲ್ ಕೋರ್ಟಿನ ಅಲೆದಾಟವೇ ಇಲ್ಲ.

ಮೂರನೆಯದು ಬೇನಾಮಿ. ಸಾಹುಕಾರರು ಯಾರೋ ರೈತನ ಹೆಸರಲ್ಲಿ ಹೊಲ ಬರೆಸಿಕೊಂಡು ತಾವೇ ಅನುಭವಿಸುತ್ತಿದ್ದರು. 1901ರ ಕಾನೂನಿಗೆ ತಿದ್ದುಪಡಿ ತಂದು ಅಂಥ ವ್ಯವಹಾರವೇ ಅಸಿಂಧು ಅಂದರು. ಜೊತೆಗೆ ರೈತ ಜಾತಿಯಲ್ಲೇ ಹುಟ್ಟಿಕೊಂಡಿದ್ದ ಬಡ್ಡಿ ವ್ಯಾಪಾರಿಗಳಿಗೂ, ಅಂದರೆ ತಮ್ಮದೇ ಮತದಾರರಿಗೂ, ಮೂಗುದಾರ ಹಾಕಿದರು. ಅವರ ಪ್ರಾಮಾಣಿಕತೆಗೆ ಏನು ಸಾಕ್ಷಿ ಅಂತ ಕೇಳಿದರೆ ನಾನು ತೋರಿಸುವುದು ಇದನ್ನು.

ಪೇಟೆಯ ವ್ಯಾಪಾರಿಗಳು ಹರತಾಳ, ಮೆರವಣಿಗೆ ಮಾಡಿದರು. ಅವರ ಪಾಲಿಗೆ ಇವು ಕರಾಳವೇ. ಕೊಟ್ಟ ದುಡ್ಡು ಮುಳುಗುವ ಭಯ ಅವರಿಗಿತ್ತು, ಎಲ್ಲ ಸಾಹುಕಾರರೂ ರಕ್ತ ಹೀರುವವರೇನೂ ಅಲ್ಲ.

ನಮ್ಮ ಎಪಿಎಂಸಿ ಇವರು ಮಾಡಿದ್ದು ಅಂತಾರಲ್ಲ, ಹೌದಾ?

ಪಂಜಾಬಿನದು ಇವರದ್ದು, ನಮ್ಮದಲ್ಲ. ಪಂಜಾಬ್ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು 1939ರದ್ದು. ಅದೇ ವರ್ಷ ಮೈಸೂರು ಸಂಸ್ಥಾನವೂ ಮುಂಬೈ ಪ್ರಾಂತ್ಯವೂ ತಮ್ಮ ತಮ್ಮ ಕಾನೂನು ಮಾಡಿಕೊಂಡವು. ರಾಯಚೂರು, ಕಲಬುರಗಿ ಕಡೆಗೆ ಹೈದರಾಬಾದ್ ಸಂಸ್ಥಾನದ 1930ರ ಕಾನೂನು ಇತ್ತು. ಇವೆಲ್ಲ ಸೇರಿ ಒಂದಾಗಿದ್ದು ನಮ್ಮ 1966ರ ಕಾಯ್ದೆಯಲ್ಲಿ.

ಆದರೆ ಕಾಯಿಲೆ ಎಲ್ಲ ಕಡೆ ಒಂದೇ ಆಗಿತ್ತು. ರೈತ ಗಾಡಿ ತುಂಬಾ ಗೋಧಿ ತಂದು ಮಂಡಿಯಲ್ಲಿ ಸುರಿಯುತ್ತಾನೆ. ದಲಾಲಿ ಮತ್ತು ಖರೀದಿದಾರ ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಕುದುರಿಸುತ್ತಾರೆ, ಮಾಲಿನ ಯಜಮಾನ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿರುತ್ತಾನೆ. ಆಮೇಲೆ ಕಡಿತ ಶುರು: ದಲಾಲಿಗಿಷ್ಟು, ತೂಕದವನಿಗಿಷ್ಟು, ಹಮಾಲಿಗಿಷ್ಟು, ಧರ್ಮಕ್ಕಿಷ್ಟು, ಗೋಶಾಲೆಗಿಷ್ಟು. ದಾನ ಮಾಡುವ ಪುಣ್ಯ ವ್ಯಾಪಾರಿಗೆ, ದುಡ್ಡು ಮಾತ್ರ ರೈತನದ್ದು! ಹೊಸ ಕಾನೂನಿನಲ್ಲಿ ದಲಾಲಿಗೂ ತೂಕದವನಿಗೂ ಲೈಸೆನ್ಸ್ ಕಡ್ಡಾಯವಾಯಿತು, ನಿಯಮದಲ್ಲಿ ಇಲ್ಲದ ಕಡಿತಕ್ಕೆ ತಡೆ ಬಿತ್ತು. ಮಾರುಕಟ್ಟೆ ಸಮಿತಿಯಲ್ಲಿ ಬೆಳೆಗಾರರಿಗೆ ಮೂರನೇ ಎರಡು ಭಾಗ ಜಾಗ. ವ್ಯಾಪಾರಿಗಳಿಗೆ ಕಡಿತಕ್ಕಿಂತ ಈ ಕುರ್ಚಿಯ ವಿಷಯವೇ ಜಾಸ್ತಿ ಉರಿಸಿತು. 1941ರಲ್ಲಿ ತೂಕ ಅಳತೆಯ ಕಾನೂನು ಬಂದು ಸುಳ್ಳು ಕಲ್ಲುಗಳ ಕಾಟಕ್ಕೂ ಮದ್ದು ಸಿಕ್ಕಿತು.

ರೈತರಿಗೆ ಬಿಟ್ಟು ಬೇರೆ ಯಾರಿಗೂ ಏನೂ ಮಾಡಲಿಲ್ವಾ?

1940ರ ಅಂಗಡಿ ನೌಕರರ ಕಾನೂನು ಇದೆ. ಕೆಲಸದ ಗಂಟೆಗೆ ಮಿತಿ, ವಾರಕ್ಕೊಂದು ರಜೆ, ಅಂಗಡಿ ಕೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳಬಾರದು. ವ್ಯಾಪಾರಿಗಳು ಇದನ್ನೂ ಸೇಡು ಅಂದರು.

## ಸ್ವಲ್ಪ ಆಳಕ್ಕೆ

ಇಷ್ಟು ಕಠಿಣ ಕಾನೂನುಗಳು ಕೋರ್ಟಿನಲ್ಲಿ ನಿಂತವಾ?

ಕೊನೆಗೆ ನಿಂತವು, ಆದರೆ ನೋಡಲು ಅವರು ಇರಲಿಲ್ಲ. ಬೇನಾಮಿ ತಿದ್ದುಪಡಿ ಲಾಹೋರ್ ಹೈಕೋರ್ಟಿನಲ್ಲಿ ಬಿದ್ದುಹೋಗಿತ್ತು. 1935ರ ಭಾರತ ಸರ್ಕಾರ ಕಾಯ್ದೆಯ 298ನೇ ಸೆಕ್ಷನ್ ವಂಶದ ಆಧಾರದ ಮೇಲೆ ಆಸ್ತಿ ವ್ಯವಹಾರಕ್ಕೆ ಅಡ್ಡಿ ಮಾಡಬಾರದು ಅನ್ನುತ್ತಿತ್ತು, ಅದೇ ವಾದ. ಪಂಜಾಬ್ ಪ್ರಾಂತ್ಯ ವಿರುದ್ಧ ದೌಲತ್ ಸಿಂಗ್ ಎಂಬ ಈ ಕೇಸು ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ, 1946ರಲ್ಲಿ ಕಾನೂನು ಸರಿ ಅಂತ ತೀರ್ಪು ಬಂತು. ಅಡವು ವಾಪಸಾತಿ ಕಾನೂನಿನ ಮೇಲಿನ ಮೇಘರಾಜ್ ವಿರುದ್ಧ ಅಲ್ಲಾ ರಖಿಯಾ ಕೇಸು ಕೂಡ ಅಲ್ಲಿಗೇ ಹೋಯಿತು. ಅಡವು ಅನ್ನುವುದೂ "ಭೂಮಿ" ವಿಷಯದ ಒಳಗೇ ಬರುತ್ತದೆ, ಹಾಗಾಗಿ ಪ್ರಾಂತ್ಯಕ್ಕೆ ಕಾನೂನು ಮಾಡುವ ಹಕ್ಕಿದೆ ಅಂದರು. ರಾಜ್ಯಗಳ ಭೂಮಿ ಅಧಿಕಾರದ ಪ್ರಶ್ನೆ ಬಂದಾಗ ಸ್ವತಂತ್ರ ಭಾರತದ ಕೋರ್ಟುಗಳೂ ಈ ತೀರ್ಪನ್ನು ಎತ್ತಿಕೊಂಡಿವೆ.

ಜಾಟ್ ಮತ್ತು ಬನಿಯಾ ಜಗಳವನ್ನೇ ಕಾನೂನು ಮಾಡಿದ್ರು ಅಂತ ಕೆಲವರು ಹೇಳ್ತಾರೆ. ದಲಿತರ ಕಥೆ ಏನು?

ಇದು ಅವರ ಅಭಿಮಾನಿಗಳಿಗೆ ಬೇಡವಾದ ಪ್ರಶ್ನೆ. ಇಡೀ ವ್ಯವಸ್ಥೆ ನಿಂತಿದ್ದದ್ದು "ಕೃಷಿಕ ಬುಡಕಟ್ಟು" ಅನ್ನುವ ಜಾತಿ ಪಟ್ಟಿಯ ಮೇಲೆ. ವ್ಯಾಪಾರದ ಜಾತಿಗಳಾದ ಬನಿಯಾ, ಖತ್ರಿ ಅದರ ಹೊರಗೆ, ಸರಿ. ಆದರೆ ಹಗಲಿಡೀ ಹೊಲದಲ್ಲಿ ದುಡಿಯುವ ದಲಿತರೂ ಹೊರಗೇ! ಅವರು ದುಡ್ಡು ಕೂಡಿಟ್ಟರೂ ಆ ರೈತ ಜಾತಿಗಳ ಹೊಲ ಕೊಳ್ಳುವಂತಿರಲಿಲ್ಲ. ಸ್ವಾತಂತ್ರ್ಯ ಬಂದು, ಸಂವಿಧಾನ ಬಂದ ಮೇಲೆ 1951ರಲ್ಲಿ ಆ ಕಾನೂನು ಹೋಯಿತು. ಗೇಣಿದಾರರಿಗೂ ಯೂನಿಯನಿಸ್ಟರು ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಛೋಟೂರಾಮ್ ಕಂಡಿದ್ದು ಹೊಲ ಇದ್ದು ಅದನ್ನು ಕಳೆದುಕೊಳ್ಳುತ್ತಿದ್ದವನ ಕಷ್ಟ. ಹೊಲವೇ ಇಲ್ಲದವನ ಕಷ್ಟ ಅವರ ಕಾನೂನಿನಲ್ಲಿ ಎಲ್ಲೂ ಕಾಣುವುದಿಲ್ಲ.

ಬಂಗಾಳದಲ್ಲಿ ಜನ ಹಸಿವಿಂದ ಸಾಯ್ತಿದ್ದಾಗ ಗೋಧಿ ಬೆಲೆ ಇಳಿಸಬೇಡಿ ಅಂದ್ರಂತೆ?

ಯುದ್ಧಕಾಲದಲ್ಲಿ ಕೇಂದ್ರ ಸರ್ಕಾರ ಗೋಧಿಗೆ ಬೆಲೆ ಮಿತಿ ಹಾಕಲು ಹೊರಟಾಗ ಪಂಜಾಬ್ ಸಚಿವ ಸಂಪುಟ ಗಟ್ಟಿಯಾಗಿ ವಿರೋಧಿಸಿತು. ಮುಂದೆ ನಿಂತವರು ಇವರೇ. ರೈತ ಕೊಳ್ಳುವ ಬಟ್ಟೆ, ಸೀಮೆಎಣ್ಣೆ ಬೆಲೆ ಗಗನಕ್ಕೇರಿದೆ, ಅವನು ಮಾರುವುದಕ್ಕೆ ಮಾತ್ರ ಯಾಕೆ ಬೀಗ ಅನ್ನುವುದು ವಾದ. ಬೆಲೆ ಕುಸಿತದ ಕಾಲದಲ್ಲಿ ಮುಳುಗಿದ್ದ ರೈತ ಆಗಷ್ಟೇ ಸಾಲ ತೀರಿಸುವ ಹಾಗಾಗಿದ್ದ, ಅದೂ ನಿಜ. ಇವರು ವೈಸರಾಯ್‌ಗೇ ಸವಾಲು ಹಾಕಿದ ಕಥೆಗಳನ್ನು ಹರಿಯಾಣದಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆದರೆ 1943ರ ಬಂಗಾಳದ ಹೆಣಗಳನ್ನು ಪಕ್ಕದಲ್ಲಿಟ್ಟುಕೊಂಡು ಆ ಕಥೆ ಕೇಳಿದರೆ ಅಷ್ಟು ಸಲೀಸಾಗಿ ಚಪ್ಪಾಳೆ ತಟ್ಟಲು ಆಗುವುದಿಲ್ಲ. ಬಂಗಾಳದ ಸಾವಿಗೆ ಪಂಜಾಬಿನ ಬೆಲೆಯೊಂದೇ ಕಾರಣ ಅನ್ನುವುದೂ ಅನ್ಯಾಯ, ಬಿಡಿ.

ಬದುಕಿದ್ದಿದ್ದರೆ ಪಂಜಾಬ್ ಒಡೆಯುತ್ತಿರಲಿಲ್ಲ ಅಂತಾರೆ. ನಿಮಗೇನನ್ಸುತ್ತೆ?

1944ರಲ್ಲಿ ಜಿನ್ನಾ ಲಾಹೋರಿಗೆ ಬಂದು, ಪಂಜಾಬಿನ ಸರ್ಕಾರ ಇನ್ನು ಮುಸ್ಲಿಂ ಲೀಗ್ ಸರ್ಕಾರ ಅನ್ನಿಸಿಕೊಳ್ಳಬೇಕು ಅಂತ ಹಟ ಹಿಡಿದರು. ಲೀಗಿನ ಸದಸ್ಯರೂ ಆಗಿದ್ದ ಖಿಜರ್ ಒಪ್ಪಲಿಲ್ಲ, ಲೀಗಿನಿಂದ ಹೊರಗೆ ಬಿದ್ದರು. ಆಗ ಅವರ ಬೆನ್ನಿಗೆ ನಿಂತವರಲ್ಲಿ ಛೋಟೂರಾಮ್ ಮುಖ್ಯ. ಹಳ್ಳಿ ಹಳ್ಳಿ ಸುತ್ತಿ, ರೈತನಿಗೆ ಧರ್ಮಕ್ಕಿಂತ ಹೊಟ್ಟೆಪಾಡು ದೊಡ್ಡದು ಅಂತ ಸಭೆ ಮಾಡಿದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. 1946ರ ಚುನಾವಣೆಯಲ್ಲಿ ಯೂನಿಯನಿಸ್ಟರು ನೆಲಕಚ್ಚಿದರು, 1947ರ ಮಾರ್ಚ್‌ನಲ್ಲಿ ಖಿಜರ್ ರಾಜೀನಾಮೆ ಕೊಟ್ಟರು.

ಅವರೊಬ್ಬರು ಇದ್ದಿದ್ದರೆ ತಡೆಯುತ್ತಿದ್ದರು ಅನ್ನುವುದನ್ನು ನಾನು ನಂಬುವುದಿಲ್ಲ. ಯುದ್ಧದ ರೇಷನ್ನು, ಬೆಲೆ ಏರಿಕೆ, ಬಲವಂತದ ಧಾನ್ಯ ವಸೂಲಿಯಿಂದ ಹಳ್ಳಿಗಳು ಆಗಲೇ ಯೂನಿಯನಿಸ್ಟರ ಮೇಲೆ ಮುನಿದಿದ್ದವು. ದೊಡ್ಡ ಭೂಮಾಲೀಕರು ಗಾಳಿ ಬಂದ ಕಡೆ ತೂರಿಕೊಂಡು ಲೀಗ್ ಸೇರಿದರು. ಅಂಥ ಹೊತ್ತಿನಲ್ಲಿ ರೋಹ್ತಕ್‌ನ ಒಬ್ಬ ಹಿಂದೂ ಜಾಟ್ ನಾಯಕ ಪಶ್ಚಿಮದ ಮುಸ್ಲಿಂ ಹಳ್ಳಿಗಳ ಮತ ಹಿಡಿದಿಡುವುದು ಕಷ್ಟವಿತ್ತು.

ನೊಬೆಲ್ ಪಡೆದ ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ ಅವರನ್ನು ಓದಿಸಿದ್ದು ಇವರೇನಾ?

ವಾಟ್ಸಾಪಲ್ಲಿ ಓಡಾಡುವ ಕಥೆ, ಅರ್ಧ ಸರಿ. ಸಲಾಂ 1946ರಲ್ಲಿ ಕೇಂಬ್ರಿಜ್‌ಗೆ ಹೋಗಿದ್ದು ಸಣ್ಣ ರೈತರ ಮಕ್ಕಳಿಗಾಗಿ ಪಂಜಾಬಿನ ಯೂನಿಯನಿಸ್ಟ್ ಸರ್ಕಾರ ಇಟ್ಟಿದ್ದ ವಿದ್ಯಾರ್ಥಿವೇತನದಿಂದ. ಯುದ್ಧ ನಿಧಿಯಲ್ಲಿ ಉಳಿದ ಹಣದಿಂದ ಅದನ್ನು ಮಾಡಿದ್ದು ಖಿಜರ್ ಸರ್ಕಾರ. ಆ ಹೊತ್ತಿಗೆ ಛೋಟೂರಾಮ್ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಆಲೋಚನೆ ಅವರ ಪಕ್ಷದ್ದು, ಅಷ್ಟು ಹೇಳಬಹುದು.

ನಮ್ಮ ದೇವರಾಜ ಅರಸು ಜೊತೆ ಹೋಲಿಸಬಹುದಾ?

ಸಾಲದ ವಿಷಯದಲ್ಲಿ ಹೋಲಿಸಬಹುದು. 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ ಬಡವರ ತಲೆ ಮೇಲಿದ್ದ ಸಾಲವನ್ನು ಇಳಿಸಿದ ರೀತಿ, ಸಾಹುಕಾರರು ಬೊಬ್ಬೆ ಹೊಡೆದ ರೀತಿ, ಎರಡರಲ್ಲೂ 1938ರ ಪಂಜಾಬ್ ನೆನಪಾಗುತ್ತದೆ. ಜಮೀನಿನ ವಿಷಯ ಬಂದರೆ ಇಬ್ಬರೂ ಬೇರೆ ಬೇರೆ ದಾರಿ. ಛೋಟೂರಾಮ್ ಹೊಲದ ಒಡೆಯನಿಗೆ ಅವನ ಹೊಲ ವಾಪಸ್ ಕೊಡಿಸಿದರು. ಅರಸು 1974ರಲ್ಲಿ ಒಡೆಯನಿಂದ ತೆಗೆದು ಗೇಣಿದಾರನಿಗೆ ಕೊಡಿಸಿದರು. ಫಾರಂ ನಂಬರ್ 7 ಹಾಕಿ ಹೊಲ ಪಡೆದ ನಮ್ಮ ಕಡೆಯ ಗೇಣಿದಾರನಂಥವನಿಗೆ ಛೋಟೂರಾಮ್ ಅವರ ಯಾವ ಕಾನೂನಿನಿಂದಲೂ ಹೊಲ ಸಿಗುತ್ತಿರಲಿಲ್ಲ.

ಈಗ ಅವರಿಗೆ ಸಂಬಂಧಪಟ್ಟದ್ದು ಏನಾದ್ರೂ ನೋಡಬೇಕಂದ್ರೆ ಎಲ್ಲಿಗೆ ಹೋಗ್ಬೇಕು?

ದೆಹಲಿಯಿಂದ ರೋಹ್ತಕ್ ರಸ್ತೆ ಹಿಡಿದರೆ ಟಿಕ್ರಿ, ಬಹಾದುರ್‌ಗಢ ದಾಟಿ ಸಾಂಪ್ಲಾ ಸಿಗುತ್ತದೆ. 2020-21ರಲ್ಲಿ ಕೇಂದ್ರದ ಕೃಷಿ ಕಾನೂನುಗಳ ವಿರುದ್ಧ ರೈತರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದದ್ದು ಇದೇ ರಸ್ತೆಯಲ್ಲಿ, ಅಲ್ಲಿ ಇವರ ಫೋಟೋ ಕಾಣುತ್ತಿತ್ತು. ಸಾಂಪ್ಲಾದಲ್ಲಿ 64 ಅಡಿಯ ಪ್ರತಿಮೆ ಇದೆ. ಅದನ್ನು 2018ರ ಅಕ್ಟೋಬರ್ 9ರಂದು ಅನಾವರಣ ಮಾಡಿದ್ದು ಪ್ರಧಾನಿ ನರೇಂದ್ರ ಮೋದಿ. ಎರಡು ವರ್ಷದ ನಂತರ ಅವರದೇ ಸರ್ಕಾರದ ವಿರುದ್ಧ ರೈತರು ಇದೇ ನಾಯಕನ ಫೋಟೋ ಹಿಡಿದರು. ಮುರ್ಥಲ್‌ನಲ್ಲಿ ಇವರ ಹೆಸರಿನ ವಿಶ್ವವಿದ್ಯಾಲಯ ಇದೆ, ಯಮುನಾನಗರದಲ್ಲಿ ವಿದ್ಯುತ್ ಸ್ಥಾವರ ಇದೆ. ಭಾಕ್ರಾ ಅಣೆಕಟ್ಟಿಗೂ ಹೋಗಬಹುದು. ಅದಕ್ಕಾಗಿ ಬಿಲಾಸ್‌ಪುರದ ರಾಜರ ಜೊತೆ ಮಾತುಕತೆ ನಡೆಸಿದ್ದು ಕಂದಾಯ ಸಚಿವರಾಗಿ ಅವರ ಕೊನೆಯ ಕೆಲಸಗಳಲ್ಲಿ ಒಂದು.